ಬಾವಿ ಗೋಡೆ

ಒಂದು ಕಾಲಕ್ಕೆ ನಮ್ಮ ಊರಿಗೆ ನೆಂಟರು ಬಂದರೆ ಅವರನ್ನು ಮೊದಲು ಕರೆದುಕೊಂಡು ಬಂದು ನಿಲ್ಲಿಸುತ್ತಿದ್ದದ್ದು ಪೇಟೆ ಬೀದಿಯಲ್ಲಿ ನಾನು ಚಿತ್ರ ಬರೆದ ಬಾವಿ ಗೋಡೆಯ ಮುಂದೆ. ಈಗ ಯಾರೂ ನಿಲ್ಲಿಸುವುದಿಲ್ಲ. ನಾನಂತೂ ನಡುವೆ ಎರಡು ಮೂರು ವರ್ಷ ಆ ಬೀದಿಯನ್ನೇ ತಪ್ಪಿಸಿ, ಗಾಣಿಗರ ಓಣಿಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದೆ. ಸುತ್ತು ಹಾಕಿದ ಮಾತ್ರಕ್ಕೆ ಗೋಡೆ ನನ್ನನ್ನು ಬಿಟ್ಟಿತೆಂದಲ್ಲ, ಆ ಮಾತು ಬೇರೆ.

ನಮ್ಮ ಊರಲ್ಲಿ ಬರೆದ ಅಕ್ಷರ ಹದಿಮೂರು ತಿಂಗಳು ಇರುತ್ತದೆ, ಆಮೇಲೆ ಹೋಗುತ್ತದೆ. ಮಾಸುವುದಲ್ಲ, ಅಳಿಸುವುದಲ್ಲ. ಒಂದು ಬೆಳಿಗ್ಗೆ ನೋಡಿದರೆ ಹಾಳೆ ಬೆಳ್ಳಗಿರುತ್ತದೆ, ಅಷ್ಟೇ. ಅಂಕಿಗಳೂ ಹಾಗೆಯೇ, ಅಚ್ಚಾದದ್ದೂ ಹಾಗೆಯೇ. ಬರೆದವರೇ ಮತ್ತೆ ಕೂತು ತಮ್ಮ ಕೈಯಾರೆ ಬರೆದರೆ ಇನ್ನೊಂದು ಹದಿಮೂರು ತಿಂಗಳು ಸಿಗುತ್ತದೆ. ಬೇರೆಯವರು ನಕಲು ಮಾಡಿಕೊಂಡರೆ ಆ ನಕಲು ಅಸಲಿನ ಜೊತೆಗೇ ಎದ್ದು ಹೋಗುತ್ತದೆ. ಇದಕ್ಕಾಗಿ ತಲೆ ಕೆಡಿಸಿಕೊಂಡವರು ನಮ್ಮಲ್ಲಿ ಯಾರೂ ಇಲ್ಲ. ಅಂಗಡಿಯ ಮೇಲೆ ಹೆಸರಿನ ಬದಲು ಚಿತ್ರವಿರುತ್ತದೆ. ಮದುವೆಯಾದ ಹೊಸತರಲ್ಲಿ ಗಂಡ ಬರೆದ ಕಾಗದಗಳನ್ನು ಹೆಂಗಸರು ಟ್ರಂಕಿನಲ್ಲಿ ಖಾಲಿ ಹಾಳೆಗಳಾಗಿಯೇ ಇಟ್ಟುಕೊಂಡಿರುತ್ತಾರೆ. ಮಡಿಕೆ ನೋಡಿಯೇ ಯಾವುದರಲ್ಲಿ ಏನಿತ್ತೆಂದು ಹೇಳಬಲ್ಲರು, ಕೇಳಿದರೆ ಮಾತ್ರ ಹೇಳುವುದಿಲ್ಲ.

ಚಿತ್ರಕ್ಕೆ ಈ ಕಾಟವಿಲ್ಲ. ಅದು ಬರೆದ ಹಾಗೆ ಇರುತ್ತದೆ. ಹೀಗಾಗಿ ನಮ್ಮ ಊರಿನಲ್ಲಿ ಯಾರೇ ಏನೇ ದೊಡ್ಡ ಅಭ್ಯಾಸ ಮಾಡಿ ಗ್ರಂಥ ಬರೆದರೂ, ಅದು ಹಾರಿಹೋಗುವ ಮೊದಲು ಗೋಡೆಗೆ ಏರಬೇಕು. ಏರಿಸುವವರು ನಾವು, ಗೋಡೆಕಾರರು. ಪಂಡಿತರು ಮುನ್ನೂರು ಪುಟದಲ್ಲಿ ಹೇಳಿದ್ದನ್ನು ನಾವು ಹನ್ನೆರಡು ಮೊಳದ ಸುಣ್ಣದ ಗೋಡೆಯ ಮೇಲೆ, ಸಂತೆಗೆ ಬಂದವರಿಗೆ ತಿಳಿಯುವ ಹಾಗೆ ಬಿಡಿಸುತ್ತೇವೆ. ಬೇವಿನ ಮರ ಬರೆದರೆ ಒಂದು ವರ್ಷ, ಕೋಳಿ ಬರೆದರೆ ಒಂದು ದಿನ, ಹೀಗೆ ನಮ್ಮ ನಮ್ಮಲ್ಲೇ ಒಂದಿಷ್ಟು ಗುರುತುಗಳಿದ್ದವು.

ಗೋಡೆ ಪಾಸಾಗಬೇಕಾದರೆ ಬಾಳೆಹಣ್ಣಿನ ಪರೀಕ್ಷೆ ಆಗಬೇಕಿತ್ತು. ಇದ್ದಲಿನಲ್ಲಿ ಗೆರೆ ಹಾಕಿದ ಮೇಲೆ ಊರಿನವರೊಬ್ಬರನ್ನು ಕರೆದು, ಕೈಗೊಂದು ಬಾಳೆಹಣ್ಣು ಕೊಟ್ಟು ಗೋಡೆಯ ಮುಂದೆ ನಿಲ್ಲಿಸುವುದು. ಹಣ್ಣು ತಿಂದು ಮುಗಿಸುವುದರೊಳಗೆ ಅವರು ಗೋಡೆ ಏನು ಹೇಳುತ್ತಿದೆ ಎಂದು ತಮ್ಮ ಮಾತಿನಲ್ಲಿ ಹೇಳಬೇಕು. ಹೇಳದಿದ್ದರೆ ತಪ್ಪು ಗೋಡೆಕಾರನದು. ಅವನು ಒಂದಿಷ್ಟು ಅಳಿಸಿ, ಇನ್ನೊಂದು ಹಣ್ಣು ತರಬೇಕು. ನನ್ನ ಗೋಡೆಗಳು ಅರ್ಧ ಹಣ್ಣಿಗೇ ಪಾಸಾಗುತ್ತವೆ ಎಂದು ಹೆಸರಾಗಿತ್ತು. ಸಿಪ್ಪೆ ಸುಲಿಯುವುದರಲ್ಲೇ ತಿಳಿಯಿತು ಎಂದು ಒಬ್ಬರು ಹೇಳಿದ್ದನ್ನು ನಾನು ಎಷ್ಟು ವರ್ಷ ಎಷ್ಟು ಜನರ ಮುಂದೆ ಹೇಳಿಕೊಂಡು ತಿರುಗಿದೆನೋ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಚಂಪಾಬಾಯಿಯವರು ನನ್ನ ಹತ್ತಿರ ಬಂದದ್ದು ಒಂದು ಮಾಘಮಾಸದ ಬೆಳಿಗ್ಗೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಬಾಯಾರು. ಮದುವೆ ಆಗಿರಲಿಲ್ಲ, ತಂಗಿಯ ಸಂಸಾರದ ಜೊತೆಗೆ ಇದ್ದರು. ಹತ್ತೊಂಬತ್ತು ವರ್ಷ ಅವರು ಗಂಟು ಹಾಕಿದ ಹಗ್ಗ ಹಿಡಿದುಕೊಂಡು ಊರಿನ ನಲವತ್ತೊಂದು ಬಾವಿಗಳ ನೀರು ಅಳೆಯುತ್ತಾ ತಿರುಗಿದ್ದನ್ನು ಎಲ್ಲರೂ ನೋಡಿದ್ದೆವು. ಬಾಯಾರ ಹಗ್ಗ ಹೊಂಟಿತು ಅಂದರ ಹಾಲಿನವನು ಬರೂ ಹೊತ್ತಾತು ಎಂದು ಜನ ಗಡಿಯಾರದ ಬದಲು ಅವರನ್ನು ನೋಡುತ್ತಿದ್ದರು. ನಮಗೆ ತಿಳಿಯದೆ ಇದ್ದದ್ದು ಇನ್ನೊಂದು. ಆ ಅಳತೆಗಳು ಉಳಿಯಬೇಕೆಂದು ಅವರು ಪ್ರತಿ ವರ್ಷ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ತಮ್ಮ ಕೈಯಿಂದ ಮತ್ತೆ ಬರೆದಿದ್ದರು.

ಅವರು ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಟ್ಟನ್ನು ನನ್ನ ಮುಂದಿಟ್ಟು, ಬಲಗೈ ಎತ್ತಿ ತೋರಿಸಿದರು. ಕೈ ನಡುಗುತ್ತಿತ್ತು.

"ಗುರುಸಿದ್ದಪ್ಪ, ಇನ್ನೊಂದು ಸರ್ತಿ ಬರಿಲಿಕ್ಕೆ ಈ ಕೈಲೆ ಆಗೂದಿಲ್ಲ. ಇದು ಮುಂದಿನ ಫಾಲ್ಗುಣದ ತನಕಾ ಇರ್ತದ. ಆಮ್ಯಾಲೆ ಗೋಡಿ ಮ್ಯಾಲೆ ಏನು ಇರ್ತದೋ ಅಷ್ಟ. ಪೂರಾ ಓದು. ಅವಸರಾ ಮಾಡಬ್ಯಾಡ," ಎಂದರು.

ಓದಿದೆ. ಮುನ್ನೂರ ನಲವತ್ತು ಪುಟ, ಒಂದೂ ಬಿಡದೆ ಓದಿದೆ. ಆದರೆ ಹೇಗೆ ಓದಿದೆ ಎನ್ನುವುದನ್ನು ಹೇಳಬೇಕು. ನಾವು ಗೋಡೆಕಾರರು ಓದುವುದೇ ಚಿತ್ರಕ್ಕಾಗಿ. ಪುಟ ತಿರುವುವಾಗ ಕಣ್ಣು ಇಲ್ಲಿ ಬಾವಿ, ಇಲ್ಲಿ ಹಗ್ಗ, ಇಲ್ಲಿ ಕೊಡ ಹೊತ್ತ ಹೆಂಗಸು ಎಂದು ಆರಿಸಿಕೊಳ್ಳುತ್ತಾ ಹೋಗುತ್ತದೆ. ಚಿತ್ರವಾಗದ್ದು ಜರಡಿಯಿಂದ ಉದುರಿ ಕೆಳಗೆ ಬೀಳುತ್ತದೆ.

ಅವರು ಹೇಳಿದ್ದರ ಸಾರ ಇಷ್ಟು. ಊರಿನ ಬಾವಿಗಳೆಲ್ಲ ಒಳಗೊಳಗೇ ಕೂಡಿಕೊಂಡಿವೆ, ಆದರೆ ಬಹಳ ನಿಧಾನವಾಗಿ. ಮೇಲಿನ ಪೇಟೆಯ ಹಿರೇಬಾವಿಯಿಂದ ಹೆಚ್ಚು ನೀರೆತ್ತಿದರೆ ಕೆಳಗಿನ ಕುಂಬಾರ ಬಾವಿಗೆ ಒಂದು ವರ್ಷ ಏನೂ ಆಗುವುದಿಲ್ಲ, ಎರಡು ವರ್ಷ ಏನೂ ಆಗುವುದಿಲ್ಲ, ಮೂರು ವರ್ಷ ಕಳೆದ ಮೇಲೆ ಅದು ಬತ್ತುತ್ತದೆ. ಬತ್ತಿದ ಮೇಲೆ ಹಿರೇಬಾವಿಯಿಂದ ಹೆಚ್ಚು ಎತ್ತುವುದನ್ನು ಬಿಟ್ಟರೆ ನೀರು ತಿರುಗಿ ಬರುತ್ತದೆ, ಆದರೆ ಅದಕ್ಕೆ ಇಂತಿಷ್ಟು ವರ್ಷ ಬೇಕು. ಊರಾಚೆ ಮುಚ್ಚಿಹೋದ ಹತ್ತಿ ಗಿರಣಿಯ ಬಾವಿ ಮತ್ತು ಯಾರೂ ಬಳಸದ ಕೋಟೆಯ ಬಾವಿ, ಇವೆರಡನ್ನೂ ವರ್ಷಾನುಗಟ್ಟಲೆ ಅಳೆದು ಅವರು ಈ ಲೆಕ್ಕ ಹಿಡಿದಿದ್ದರು. ಆ "ಇಂತಿಷ್ಟು ವರ್ಷ" ಎಷ್ಟೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು. ಅದು ಇದ್ದ ಪುಟದ ಮೂಲೆ ಮಡಿಚಿತ್ತೆಂದೂ ನನಗೆ ನೆನಪಿದೆ.

ಆಗ ಪೇಟೆಯವರು ಹಿರೇಬಾವಿಗೆ ಪಂಪು ಕೂಡಿಸಬೇಕೋ ಬೇಡವೋ ಎಂದು ಎರಡು ವರ್ಷದಿಂದ ಜಗಳಾಡುತ್ತಿದ್ದರು. ಚಂಪಾಬಾಯಿಯವರ ಗೋಡೆ ಬರಲಿ, ನೋಡಿ ತೀರ್ಮಾನ ಮಾಡೋಣ ಎಂದು ಪಂಚರು ಕಾದು ಕೂತಿದ್ದರು. ಈ ಗೋಡೆಯ ಮೇಲೆ ಕುಂಬಾರ ಓಣಿಯ ಅರವತ್ತು ಮನೆಗಳ ನೀರು ನಿಂತಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಇದ್ದಲಿನಲ್ಲಿ ಗೆರೆ ಹಾಕಿದೆ. ಎಡಕ್ಕೆ ಹಿರೇಬಾವಿ, ಪಂಪು, ನೀರು. ನಡುವೆ ತುಂಬಿದ ಕುಂಬಾರ ಬಾವಿ. ಅದರ ಪಕ್ಕ ಮೂರು ಬೇವಿನ ಮರ. ಬಲಕ್ಕೆ ಅದೇ ಕುಂಬಾರ ಬಾವಿ, ಬತ್ತಿದ್ದು. ಪರೀಕ್ಷೆಗೆ ತಿಪ್ಪವ್ವನನ್ನು ಕರೆದೆ. ತಿಪ್ಪವ್ವ ಬಳೆ ಮಾರುವವಳು, ಕುಂಬಾರ ಓಣಿಯಲ್ಲೇ ಅವಳ ಮನೆ. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು, ಆದ್ದರಿಂದ ಅವಳು ಪಾಸು ಮಾಡಿದ ಗೋಡೆಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಅವಳು ಬಳೆ ಮಲಾರ ಇಳಿಸಿ, ಹಣ್ಣು ಸುಲಿದು, ನೋಡಿದಳು. ಒಂದು ಹಣ್ಣು ಮುಗಿಯಿತು.

"ಮೂರು ಬೇವಿನ ಗಿಡದ ಹತ್ತಿರ ಒಂದು ಬಾವಿ ಬತ್ತೈತಿ. ಎಲ್ಲೈತಿ ಅದು? ನಮ್ಮ ಓಣ್ಯಾಗ ಬೇವಿನ ಗಿಡಾನ ಇಲ್ಲಲ್ಲ," ಎಂದಳು.

"ಗಿಡ ಅಂದರ ವರ್ಷ ತಿಪ್ಪವ್ವ. ಮೂರು ವರ್ಷ."

"ವರ್ಷಕ್ಕ ಎಲಿ ಇರ್ತಾವೇನು? ಇನ್ನೊಂದು ಹಣ್ಣು ಕೊಡು."

ಮರಗಳನ್ನು ಬಾವಿಯಿಂದ ದೂರ ಸರಿಸಿದೆ. ಹಾಗಾದರೆ ಬಾವಿ ಬೇವಿನ ತೋಪಿನ ಆಚೆಗೆ ಇದೆ ಎಂದಳು. ಮರ ತೆಗೆದು ಮೂರು ಸೂರ್ಯ ಬರೆದೆ. ಮೂರು ಹೊತ್ತು ಎಂದಳು. ಕೊನೆಗೆ ಬರೀ ಎರಡು ಕುಂಬಾರ ಬಾವಿ ಉಳಿದವು, ಒಂದು ತುಂಬಿದ್ದು, ಒಂದು ಬತ್ತಿದ್ದು. ಅವಳು ಐದನೆಯ ಹಣ್ಣು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

"ಒಂದ ಬಾವಿ ತುಂಬೂ ಐತಿ, ಬತ್ತೂ ಐತಿ. ಯಾವುದು ಖರೆ? ಒಂದು ಹೇಳಪಾ. ನನ್ನ ಹೊಟ್ಟಿ ಒಡಿಯೂದರಾಗ ಒಂದು ಹೇಳು."

ಸುತ್ತ ನಿಂತವರು ನಕ್ಕರು. ಐದು ಹಣ್ಣು ನನ್ನ ಜೀವಮಾನದಲ್ಲಿ ಯಾವ ಗೋಡೆಗೂ ಬಿದ್ದಿರಲಿಲ್ಲ. ಆ ನಗು ಕಿವಿಗೆ ಬಿದ್ದದ್ದೇ ತಡ, ನಾನು ಬಟ್ಟೆ ತೆಗೆದುಕೊಂಡು ಬಲಗಡೆಯ ಬತ್ತಿದ ಬಾವಿಯನ್ನು ಒರೆಸಿಬಿಟ್ಟೆ. ತಿಪ್ಪವ್ವ ಆರನೆಯ ಹಣ್ಣಿನ ಸಿಪ್ಪೆ ಸುಲಿಯುತ್ತಲೇ, "ಹಿರೇಬಾವ್ಯಾಗ ನೀರು ಎತ್ತಿದರೂ ನಮ್ಮ ಬಾವಿ ತುಂಬೇ ಇರ್ತೈತಿ. ಈಗ ತಿಳೀತು ನೋಡು," ಎಂದಳು. ಜನ ಹೌದು ಹೌದು ಎಂದರು. ನಾನು ಕೂಡ ಒಳಗೊಳಗೇ ಹಿಗ್ಗಿದೆ.

ನಾನು ಸುಳ್ಳು ಬರೆಯಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ತುಂಬಿದ ಬಾವಿಯೂ ಅವರ ಪುಸ್ತಕದಲ್ಲಿ ಇತ್ತಲ್ಲ, ಎರಡು ವರ್ಷದ ಮಟ್ಟಿಗೆ.

ಬಣ್ಣ ಹಾಕಿದೆ. ಇನ್ನು ಹಾಗೆ ಹಾಕಲಾರೆ. ಬಾವಿಯ ನೀರಿಗೆ ನೀಲಿಯ ಮೇಲೆ ನೀಲಿ ಏಳು ಸಲ ಎಳೆದಿದ್ದೆ, ಬಿಸಿಲಲ್ಲಿ ಬಂದವರು ಆ ಬಾವಿಯನ್ನು ನೋಡಿಯೇ ನೀರಡಿಕೆ ಎನ್ನುತ್ತಿದ್ದರು. ಚಂಪಾಬಾಯಿಯವರು ತಂಗಿಯ ಕೈ ಹಿಡಿದು ನೋಡಲು ಬಂದರು. ಎಡದಿಂದ ಬಲಕ್ಕೆ ನಡೆದರು, ಮತ್ತೆ ಬಲದಿಂದ ಎಡಕ್ಕೆ.

"ಮೂರು ವರ್ಷ ಎಲ್ಲಿ ಹೋತು, ಗುರುಸಿದ್ದಪ್ಪ?"

"ಅದು ಚಿತ್ರಕ್ಕ ಒಗ್ಗಲಿಲ್ಲರೀ ಬಾಯಾರ. ಜನಕ್ಕ ಗಲಿಬಿಲಿ ಆಗ್ತೈತಿ."

"ಗಲಿಬಿಲಿ ಆಗಲಿ. ನನಗ ಹತ್ತೊಂಬತ್ತು ವರ್ಷ ಆಗೇದ, ಅವರಿಗೆ ಒಂದು ದಿನ ಆಗಬಾರದೇನು? ಮತ್ತ ನೀರು ತಿರುಗಿ ಬರೂ ಲೆಕ್ಕ? ಅದು ಎಲ್ಲದ?"

ಗೋಡೆಯ ಪಕ್ಕದ ಕಂಬ ಖಾಲಿ ಇದೆ, ಸುಣ್ಣ ಒಣಗಲಿ, ಅಲ್ಲಿ ವರ್ಷಕ್ಕೊಂದು ಬೇವಿನ ಮರದಂತೆ ಬೇರೆಯಾಗಿ ಬರೆದುಕೊಡುತ್ತೇನೆ ಎಂದೆ. ಅವರು ನಂಬಿದರು. ನಂಬುವ ಮುಂಚೆ ಒಂದು ಮಾತು ಕೇಳಿದರು.

"ಹಂಗಿದ್ದರ ನನಗ ಒಂದು ಬೇವಿನ ಗಿಡಾ ತಗಿಯೂದು ಕಲಿಸು. ನೀ ಮರತರ ನಾನರ ತಗೀತೀನಿ."

ನಾನು ನಕ್ಕೆ. ಆ ನಡುಗುವ ಕೈಯನ್ನು ನೋಡಿ ನಕ್ಕೆ. "ನೀವು ಯಾಕ ತ್ರಾಸು ತಗೋತೀರಿ, ನಾ ಇದ್ದೀನಲ್ಲ," ಎಂದೆ. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಕಂಬಕ್ಕೆ ಮೊದಲು ಮದುವೆಯ ಕೆಲಸ ಅಡ್ಡ ಬಂತು. ಆಮೇಲೆ ಕಣ್ಣಿನ ವೈದ್ಯರೊಬ್ಬರ ಗೋಡೆ ಬಂತು. ಆಮೇಲೆ ಯಾವುದೂ ಅಡ್ಡ ಬರಲಿಲ್ಲ, ನಾನೇ ಬರೆಯಲಿಲ್ಲ. ಊರೂರಿನಿಂದ ಜನ ಬಾವಿ ಗೋಡೆ ನೋಡಲು ಬರುತ್ತಿದ್ದರು, ಅದರ ಪಕ್ಕದ ಕಂಬಕ್ಕೆ ಯಾರಿಗೂ ತಿಳಿಯದ ಒಂದು ಚಿತ್ರ ಏರಿಸಿ ಗೋಡೆಯ ಅಂದ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಇದೇ ನಿಜ. ಪಂಚರು ಬಂದು ಗೋಡೆಯ ಮುಂದೆ ಸಾಲಾಗಿ ನಿಂತು, ಇಷ್ಟು ಸ್ಪಷ್ಟವಾಗಿ ಇರುವಾಗ ಇನ್ನೇನು ಚರ್ಚೆ ಎಂದು ಪಂಪಿಗೆ ಒಪ್ಪಿಗೆ ಕೊಟ್ಟರು. ಚಂಪಾಬಾಯಿಯವರು ಅವರ ಮನೆ ಮನೆಗೆ ಹೋಗಿ ಕೆಂಪು ಕಟ್ಟು ಬಿಚ್ಚಿದರಂತೆ. ಬಾಯಾರ, ಇಷ್ಟು ಪುಟ ಯಾರು ಓದ್ತಾರ, ನಿಮ್ಮ ಗೋಡೀನ ಛಲೋ ಐತಲ್ಲ ಎಂದು ಎಲ್ಲರೂ ಚಹ ಕೊಟ್ಟು ಕಳಿಸಿದರಂತೆ.

ಫಾಲ್ಗುಣ ಬಂತು. ಒಂದು ದಿನ ಅವರು ಕಟ್ಟನ್ನು ತಂದು ನನ್ನ ಮುಂದೆ ಬಿಚ್ಚಿದರು. ಬೆಳ್ಳನೆಯ ಹಾಳೆಗಳು.

"ಹೋತು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ತಲ್ಯಾಗ ಇನ್ನೂ ಅದ. ನಾ ಹೇಳ್ತೀನಿ, ನೀ ಬರಕೋ. ಬಾಯಿಂದ ಕೇಳಿ ಬರದರ ಅದು ನಿನ್ನ ಬರಹ ಆಗ್ತದ, ನೀನ ವರ್ಷಾ ವರ್ಷಾ ಬರೀಬಹುದು. ಬರೇ ಕಡೀ ಇಪ್ಪತ್ತು ಪುಟ ಸಾಕು."

"ಹಬ್ಬ ಮುಗೀಲಿರೀ, ಬರ್ತೀನಿ," ಎಂದೆ.

ಹಬ್ಬ ಮುಗಿದ ಹತ್ತನೆಯ ದಿನ ಅವರು ಬಚ್ಚಲಲ್ಲಿ ಬಿದ್ದರು. ಆಮೇಲೆ ನಾಲ್ಕು ತಿಂಗಳು ಬದುಕಿದ್ದರು, ಆದರೆ ಬಲಗೈ ಏಳಲಿಲ್ಲ, ಮಾತು ಬರಲಿಲ್ಲ. ಒಮ್ಮೆ ನೋಡಲು ಹೋದೆ. ನನ್ನನ್ನು ಕಂಡು ಅವರು ಎಡಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿದರು. ಕುಡಿಯಲು ನೀರು ಕೇಳುತ್ತಿದ್ದಾರೆ ಎಂದುಕೊಂಡು ಲೋಟ ಹಿಡಿದೆ. ಅವರು ಮುಖ ತಿರುಗಿಸಿದರು. ಎದ್ದು ಬಂದೆ.

ಪಂಪು ಓಡಿತು. ಒಂದು ವರ್ಷ ಕುಂಬಾರ ಬಾವಿಗೆ ಏನೂ ಆಗಲಿಲ್ಲ. ಎರಡನೆಯ ವರ್ಷವೂ ಏನೂ ಆಗಲಿಲ್ಲ. ಮೂರನೆಯ ವರ್ಷವೂ ಬಾವಿ ತುಂಬಿಯೇ ಇದ್ದದ್ದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಾಯಾರ ಲೆಕ್ಕ ತಪ್ಪಿತ್ತು, ನಾನು ಒರೆಸಿದ್ದೇ ಸರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸತ್ತವರ ಲೆಕ್ಕ ತಪ್ಪಲಿ ಎಂದು ಹಾರೈಸಿದವನು ನಾನು. ನಾಲ್ಕನೆಯ ಬೇಸಿಗೆಯಲ್ಲಿ ಕುಂಬಾರ ಬಾವಿಯ ತಳ ಕಂಡಿತು. ಮುಂದಿನ ವಾರ ಕೊಡ ಇಳಿಸಿದರೆ ಟಣ್ ಎಂದು ಕಲ್ಲಿಗೆ ಬಡಿಯಿತು.

ಪಂಪು ನಿಲ್ಲಿಸಲು ಜಗಳವೇನೂ ಆಗಲಿಲ್ಲ. ಪೇಟೆಯವರು ಕೆಟ್ಟವರಲ್ಲ, ಅವರು ನೋಡಿದ್ದು ನನ್ನ ಗೋಡೆಯನ್ನು. ಪಂಪು ನಿಂತಿತು, ಅವರೂ ಕುಂಬಾರ ಓಣಿಯವರ ಜೊತೆ ಹಿರೇಬಾವಿಗೆ ಸರದಿ ಹಚ್ಚಿ ಕೈಯಿಂದ ಸೇದಿ ಕೊಡ ಲೆಕ್ಕದಲ್ಲಿ ನೀರು ಒಯ್ಯತೊಡಗಿದರು. ಆಮೇಲೆ ಕುಂಬಾರ ಓಣಿಯವರೆಲ್ಲ ನನ್ನ ಮನೆಗೆ ಬಂದರು, ಮುಂದೆ ತಿಪ್ಪವ್ವ ಇದ್ದಳು. ಖಾಲಿ ಕೊಡ ಇನ್ನೂ ಸೊಂಟದ ಮೇಲಿತ್ತು.

"ಬಾಯಾರ ಪುಸ್ತಕ ಪೂರಾ ಓದಿದಾಂವ ಊರಾಗ ನೀ ಒಬ್ಬನ," ಎಂದಳು. "ನೀರು ತಿರುಗಿ ಬರಾಕ ಎಷ್ಟು ವರ್ಷ ಬೇಕು ಅಂತ ಬರದಿದ್ದರು? ಹೇಳು. ಕುಂದರಬೇಕೋ, ಓಣಿ ಬಿಟ್ಟು ಹೋಗಬೇಕೋ, ನಾವು ತಿಳಕೋಬೇಕಲ್ಲ."

ನನಗೆ ಆ ಪುಟ ಕಂಡಿತು. ಮಡಿಚಿದ ಮೂಲೆ ಕಂಡಿತು. ಅದರ ಮೇಲೆ ಬಿದ್ದ ಚಹದ ಕಲೆ ಕೂಡ ಕಂಡಿತು, ಕಲೆ ಕುದುರೆಯ ಆಕಾರದಲ್ಲಿತ್ತು. ಅಂಕಿ ಕಾಣಲಿಲ್ಲ. ಅಂಕಿ ಚಿತ್ರವಾಗುವುದಿಲ್ಲವೆಂದು ನಾನು ಅದನ್ನು ನೋಡಿಯೇ ಇರಲಿಲ್ಲ, ಓದಿದ್ದೆ ಅಷ್ಟೇ. ಅರವತ್ತು ಮನೆಯವರು ಬಾಗಿಲಲ್ಲಿ ನಿಂತು ನನ್ನ ಬಾಯಿ ನೋಡುತ್ತಿದ್ದರು. ಏನೋ ಒಂದು ಅಂಕಿ ಹೇಳಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಅದೊಂದು ಪಾಪ ಮಾಡಲಿಲ್ಲ.

"ನೆನಪಿಲ್ಲ," ಎಂದೆ.

ತಿಪ್ಪವ್ವ ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ. ಅವಳು ಬಯ್ಯಲಿಲ್ಲ. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಆ ಬತ್ತಿದ ಬಾವಿ ನಾನ ತಗಸಿದೆ," ಎಂದಳು. "ನಂದೂ ಐತಿ ಬಿಡು ಇದರಾಗ." ಹೀಗೆ ಅವಳು ನನ್ನ ಹೊರೆಯಲ್ಲಿ ಪಾಲು ತೆಗೆದುಕೊಂಡದ್ದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳದೇನು ತಪ್ಪು? ಅವಳು ಹಣ್ಣು ತಿಂದಳು, ಕಂಡದ್ದು ಹೇಳಿದಳು.

ಮಾರನೆಯ ದಿನ ಇಬ್ಬರೂ ಚಂಪಾಬಾಯಿಯವರ ತಂಗಿಯ ಮನೆಗೆ ಹೋದೆವು. ಏನು ಸಿಗುತ್ತದೆಂದು ಹೋದೆವೋ ಗೊತ್ತಿಲ್ಲ. ಆಕೆ ಕೆಂಪು ಕಟ್ಟನ್ನು ತಂದುಕೊಟ್ಟರು. ಬಿಸಾಡಲು ಮನಸ್ಸು ಬರಲಿಲ್ಲ, ಅಕ್ಕ ಕಡೀ ತಿಂಗಳು ಇದನ್ನ ತೊಡೀ ಮ್ಯಾಲೆ ಇಟಗೊಂಡು ಪೆನ್ಸಿಲ್ ಹಿಡೀತಿದ್ದಳು ಎಂದರು. ಒಂದೊಂದಾಗಿ ಹಾಳೆ ತಿರುವಿದೆ. ಎಲ್ಲ ಬೆಳ್ಳಗಿದ್ದವು. ಚಹದ ಕಲೆಯ ಕುದುರೆ ಇತ್ತು, ಅದರ ಸುತ್ತ ಏನೂ ಇರಲಿಲ್ಲ. ಕೊನೆಯ ಹಾಳೆ ತಿರುವಿದಾಗ ಕೈ ನಿಂತಿತು.

ಚಿತ್ರವಿತ್ತು. ಎಡಗೈಯಿಂದ ಬರೆದದ್ದು, ಮೂರು ವರ್ಷದ ಮಗು ಇದಕ್ಕಿಂತ ನೆಟ್ಟಗೆ ಬರೆದೀತು. ಸೊಟ್ಟ ಸುತ್ತೊಂದು, ಒಳಗೆ ಖಾಲಿ, ಅದು ಬಾವಿ. ಅದರ ಮುಂದೆ ಸಾಲಾಗಿ ಉದ್ದ ಗೆರೆಗಳು, ಒಂದೊಂದರ ತಲೆಯ ಮೇಲೂ ಗೀಚಿದ ಗಂಟು. ಸಾಲಿನ ಕೊನೆಗೆ ಇನ್ನೊಂದು ಸುತ್ತು, ಒಳಗೆ ಪೆನ್ಸಿಲಿನಿಂದ ತಿಕ್ಕಿ ತಿಕ್ಕಿ ಕಪ್ಪು ಮಾಡಿ ತುಂಬಿಸಿದ್ದು. ಅಂದು ಗಾಳಿಯಲ್ಲಿ ಆಡಿಸಿದ ಕೈ ಏನು ಕೇಳುತ್ತಿತ್ತೆಂದು ನನಗೆ ಆಗ ತಿಳಿಯಿತು.

ನಾನು ಬಾಯಿ ತೆರೆಯುವ ಮೊದಲೇ ತಿಪ್ಪವ್ವ ಬಗ್ಗಿ ನೋಡಿ, "ಬೇವಿನ ಗಿಡ," ಎಂದಳು. "ಬತ್ತಿದ ಬಾವಿ ತುಂಬಾಕ ಇಷ್ಟು ವರ್ಷ." ಈ ಸಲ ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಕೈಯಲ್ಲಿ ಹಣ್ಣೂ ಇರಲಿಲ್ಲ.

ಎಣಿಸಿದೆವು. ಅವಳು ಎಣಿಸಿದಳು, ನಾನು ಎಣಿಸಿದೆ, ತಂಗಿ ಕನ್ನಡಕ ತಂದು ಎಣಿಸಿದರು. ಎಂಟು ಮರ ಸ್ಪಷ್ಟವಾಗಿ ಇದ್ದವು. ಎಂಟನೆಯದರ ಆಚೆಗೆ ಇನ್ನೊಂದಿಷ್ಟು ಗೀರುಗಳಿದ್ದವು. ಒಂದು ಮರವೂ ಇರಬಹುದು, ಎರಡೂ ಇರಬಹುದು, ಕೈ ನಡುಗಿ ಪೆನ್ಸಿಲು ಜಾರಿದ್ದೂ ಇರಬಹುದು. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ತಿರುಗಿಸಿ ಹಿಂಬದಿಯಿಂದ ನೋಡಿದೆ. ನಲವತ್ತು ವರ್ಷ ಗೆರೆ ನೋಡಿ ಪಳಗಿದ ಕಣ್ಣು ನನ್ನದು. ಹೇಳಲಾಗಲಿಲ್ಲ.

ಆ ವಾರವೇ ಕಂಬಕ್ಕೆ ಸುಣ್ಣ ಬಳಿದು, ಆ ಚಿತ್ರವನ್ನು ಏರಿಸಿದೆ. ನೆಟ್ಟಗೆ ಬರೆಯಲಿಲ್ಲ, ಅವರು ಎಳೆದ ಹಾಗೆಯೇ ಸೊಟ್ಟ ಸೊಟ್ಟ ಎಳೆದೆ, ಕೊನೆಯ ಗೀರುಗಳನ್ನೂ ಇದ್ದ ಹಾಗೆಯೇ ಇಟ್ಟೆ. ಯಾರೂ ನಗಲಿಲ್ಲ. ಕುಂಬಾರ ಓಣಿಯಲ್ಲಿ ಇಪ್ಪತ್ತು ಮನೆಯವರು ಎಂಟಾದರೂ ಇರಲಿ ಹತ್ತಾದರೂ ಇರಲಿ ಎಂದು ಕೂತರು. ನಲವತ್ತು ಮನೆಯವರು ಕೂರಲಿಲ್ಲ. ಎಂಟೇ ಎಂದು ಖಾತ್ರಿ ಇದ್ದರ ಹಲ್ಲು ಕಚ್ಚಿ ಕುಂದರತಿದ್ದೆವು, ಕಡೀ ಇಲ್ಲದ್ದಕ್ಕ ಹೆಂಗ ಕುಂದರೂದು ಎಂದು ಹೇಳಿ, ಚಕ್ಕಡಿಯ ಮೇಲೆ ಗಡಿಗೆ ಮಾಡುವ ತಿಗರಿಗಳನ್ನು ಹೇರಿಕೊಂಡು ಹೊಳೆಯ ದಂಡೆಯ ಊರುಗಳಿಗೆ ಹೋದರು. ಅವರು ಕಂಬವನ್ನು ದಾಟಿ ಹೋಗುವಾಗ ನಾನು ಅಲ್ಲೇ ನಿಂತಿದ್ದೆ. ತಪ್ಪಿಸಿಕೊಳ್ಳಲು ಗಾಣಿಗರ ಓಣಿ ಇತ್ತು, ಹೋಗಲಿಲ್ಲ.

ಪಂಪು ನಿಂತು ಇದು ಏಳನೆಯ ವರ್ಷ. ತಿಪ್ಪವ್ವ ಈಗ ಮಲಾರ ಹೊರುವುದಿಲ್ಲ. ಸಂಜೆ ಬಂದು ಕಂಬದ ಬುಡದಲ್ಲಿ ಕೂರುತ್ತಾಳೆ, ನಾನೂ ಕೂರುತ್ತೇನೆ. ಕೆಲವೊಮ್ಮೆ ಅವಳು ಕೊನೆಯ ಗೀರಿನ ಮೇಲೆ ಬೆರಳಾಡಿಸಿ, "ಇದು ಗಿಡ ಹೌದೋ ಅಲ್ಲೋ?" ಎಂದು ಕೇಳುತ್ತಾಳೆ. ಗೊತ್ತಿಲ್ಲ ತಿಪ್ಪವ್ವ ಎನ್ನುತ್ತೇನೆ. ಅವಳು ಹ್ಞೂಂ ಎಂದು ಸುಮ್ಮನಾಗುತ್ತಾಳೆ. ನಾನು ಸುಮ್ಮನಾಗಲಾರೆ. ಬೇವಿನ ಮರ ಬರೆಯುವುದನ್ನು ಕಲಿಸಲು ಅರ್ಧ ತಾಸು ಸಾಕಾಗಿತ್ತು.